ಬರಿಗಾಲಿಗೆ ನೆಲವೆಲ್ಲಿದೆ?

ಮುಂಗಾರಿನ ಮೊದಲ ಮಳೆಯೊಂದಿಗೆ ಮಲೆನಾಡಿನ ಶಾಲೆಗಳ ಬಾಗಿಲು ತೆರೆಯುತ್ತದೆ. ಅದರೊಂದಿಗೆ ಪ್ರತಿವರ್ಷದ ಒಂದು ಅಸಂಗತ ಶಿಕ್ಷೆಯೂ ಆರಂಭವಾಗುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಹಳ್ಳ ದಾಟಿ, ಗದ್ದೆಯಂಚಿನ ಮೇಲೆ ನಡೆದು ಬರುವ ಮಗುವಿಗೂ, ಬಯಲುಸೀಮೆಯ ಪಟ್ಟಣದಲ್ಲಿ ಬಸ್ಸಿನಿಂದ ಇಳಿಯುವ ಮಗುವಿಗೂ ನಾವು ನಿಗದಿಪಡಿಸಿರುವುದು ಒಂದೇ ವೇಷ: ಮುಚ್ಚಿದ ಕಪ್ಪು ಶೂ, ಅದರೊಳಗೆ ಕಾಲುಚೀಲ. ಬೆಳಿಗ್ಗೆ ಒದ್ದೆಯಾದ ಚೀಲ ಸಂಜೆಯವರೆಗೂ ಆರುವುದಿಲ್ಲ. ಬೆರಳ ಸಂದಿಗಳಲ್ಲಿ ಕೆಸರುಹುಣ್ಣು ಏಳುತ್ತದೆ. ಆಟದ ಅವಧಿಯಲ್ಲಾದರೂ ಶೂ ಬಿಚ್ಚಿಟ್ಟು ಓಡೋಣವೆಂದರೆ ಹಲವು ಶಾಲೆಗಳಲ್ಲಿ ಅದು ಅಶಿಸ್ತು ಎನಿಸಿಕೊಳ್ಳುತ್ತದೆ.

ಈ ಶಿಸ್ತು ಯಾರ ಹಿತಕ್ಕಾಗಿ ಎಂದು ಕೇಳಬೇಕಾದ ಕಾಲ ಬಂದಿದೆ. ಬರಿಗಾಲಿನಲ್ಲಿ ಅಥವಾ ತೆಳುವಾದ ಪಾದರಕ್ಷೆಯಲ್ಲಿ ಓಡುವುದು, ಆಡುವುದು, ಗುಡ್ಡ ಹತ್ತುವುದು ಹಿಂದುಳಿದವರ ಲಕ್ಷಣವೆಂಬ ನಂಬಿಕೆ ನಮ್ಮಲ್ಲಿ ಬೇರುಬಿಟ್ಟಿದೆ. ಪಾದಕ್ಕೆ ಅದಕ್ಕಿಂತ ಸಹಜವಾದ ವ್ಯಾಯಾಮ ಬೇರೊಂದಿಲ್ಲ. ಆದರೆ ಆ ವ್ಯಾಯಾಮಕ್ಕೆ ಯೋಗ್ಯವಾದ ನೆಲ ಬೇಕು. ಶೂ ಕುರಿತ ಚರ್ಚೆಯ ಗದ್ದಲದಲ್ಲಿ ನಾವು ಕಳೆದುಕೊಳ್ಳುತ್ತಿರುವುದು ಆ ನೆಲವನ್ನೇ ಎಂಬುದು ನಮ್ಮ ವಾದ.

ಮಣಿಪಾಲದ ಮಾತು ಮಲೆನಾಡಿಗೆ ಕೇಳಲಿಲ್ಲ

ಪಾದರಕ್ಷೆ ಮತ್ತು ಮಕ್ಕಳ ಪಾದದ ಸಂಬಂಧವನ್ನು ಕುರಿತು ಜಗತ್ತಿನ ವೈದ್ಯರು ಇಂದಿಗೂ ಉಲ್ಲೇಖಿಸುವ ಒಂದು ಅಧ್ಯಯನ ನಡೆದದ್ದು ನಮ್ಮ ಘಟ್ಟದ ಬುಡದಲ್ಲೇ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಮೂಳೆತಜ್ಞರಾದ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದೊಳಗಿನ 2300 ಮಕ್ಕಳ ಹೆಜ್ಜೆಯಚ್ಚುಗಳನ್ನು ಪರಿಶೀಲಿಸಿ 1992ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇಕಡಾ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು. ತೊಡದ ಮಕ್ಕಳಲ್ಲಿ ಶೇಕಡಾ 2.8 ಮಾತ್ರ. ಬೆರಳು ಮುಚ್ಚುವ ಶೂ ತೊಟ್ಟವರಲ್ಲಿ ಈ ಪ್ರಮಾಣ ಅತಿ ಹೆಚ್ಚು, ಸ್ಯಾಂಡಲ್ ಮತ್ತು ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ, ಬರಿಗಾಲಿನವರಲ್ಲಿ ಅತಿ ಕಡಿಮೆ. ಬಾಲ್ಯದ ಶೂ ಪಾದದ ಕಮಾನಿನ ಸಹಜ ಬೆಳವಣಿಗೆಗೆ ಮಾರಕ ಎಂಬ ಸೂಚನೆಯನ್ನು ಅವರು ಮುಚ್ಚುಮರೆಯಿಲ್ಲದೆ ನೀಡಿದರು. 1995ರಲ್ಲಿ 1846 ವಯಸ್ಕರನ್ನು ಕುರಿತು ಪ್ರಕಟವಾದ ಮುಂದಿನ ಅಧ್ಯಯನವೂ ಇದೇ ದಿಕ್ಕಿಗೆ ಬೆರಳು ತೋರಿತು. ಆರು ವರ್ಷಕ್ಕೆ ಮೊದಲೇ ಶೂ ತೊಡಲಾರಂಭಿಸಿದವರಲ್ಲಿ ಚಪ್ಪಟೆ ಪಾದ ಶೇಕಡಾ 3.24, ಹದಿನಾರರ ಬಳಿಕ ಆರಂಭಿಸಿದವರಲ್ಲಿ 1.75.

ಚಪ್ಪಟೆ ಪಾದವೆಲ್ಲವೂ ನೋವಿನ ಪಾದವಲ್ಲ, ನಿಜ. ಆದರೆ ಇಷ್ಟು ಹತ್ತಿರದಲ್ಲಿ ನಮ್ಮದೇ ನಾಡಿನ ಮಕ್ಕಳ ಪಾದಗಳು ನುಡಿದ ಸಾಕ್ಷ್ಯವನ್ನು ಮೂರು ದಶಕಗಳ ಕಾಲ ಯಾವ ಸಮವಸ್ತ್ರದ ನಿಯಮವೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಪಾದವೆಂಬುದು ಇಪ್ಪತ್ತಾರು ಮೂಳೆಗಳ, ಹಲವು ಕೀಲುಗಳ, ಸಣ್ಣ ಸಣ್ಣ ಸ್ನಾಯುಗಳ ಜೋಡಣೆ. ನೆಲದ ಏರುತಗ್ಗನ್ನು ಅರಿತು ದೇಹದ ಸಮತೋಲವನ್ನು ಕ್ಷಣಕ್ಷಣವೂ ಸರಿಪಡಿಸುವುದು ಅದರ ಕೆಲಸ. ದಪ್ಪ ಅಟ್ಟೆಯೊಳಗೆ ಈ ಸ್ನಾಯುಗಳಿಗೆ ದುಡಿಮೆ ಕಡಿಮೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು ಅಮೆರಿಕ ಮತ್ತು ಕೀನ್ಯಾದ ಓಟಗಾರರನ್ನು ಹೋಲಿಸಿ 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ ಸಮರ್ಥಿಸುತ್ತದೆ. ಶೂ ತೊಟ್ಟವರು ಬಹುಮಟ್ಟಿಗೆ ಹಿಮ್ಮಡಿಯನ್ನು ಮೊದಲು ಊರುತ್ತಾರೆ. ಬರಿಗಾಲಿನಲ್ಲೇ ಬೆಳೆದ ಓಟಗಾರರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರುವುದರಿಂದ ಗಟ್ಟಿನೆಲದ ಮೇಲೂ ಆಘಾತ ಕಡಿಮೆ. ಇದೇ ಸಾರ್ವತ್ರಿಕ ನಿಯಮವೆಂದೂ ಹೇಳಲಾಗದು. ಉತ್ತರ ಕೀನ್ಯಾದ ದಾಸನಾಚ್ ಜನ ಬರಿಗಾಲಿನವರೇ ಆದರೂ ನಿಧಾನದ ಓಟದಲ್ಲಿ ಹೆಚ್ಚಾಗಿ ಹಿಮ್ಮಡಿಯನ್ನೇ ಊರುತ್ತಾರೆಂದು 2013ರ ಅಧ್ಯಯನವೊಂದು ತೋರಿಸಿತು. ಪಾದ ತಾನು ಬೆಳೆದ ನೆಲಕ್ಕೂ ತನ್ನ ವೇಗಕ್ಕೂ ತಕ್ಕಂತೆ ಪಾಠ ಕಲಿಯುತ್ತದೆ; ಕಲಿಯಲು ಅದಕ್ಕೆ ಅವಕಾಶವಿರಬೇಕು.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶ ಹೇಗೆ ವರ್ತಿಸಿತೆಂಬುದನ್ನು ನೆನೆಯಿರಿ. ಕೆಸರಿನ ಬರಿಗಾಲು ಗಣ್ಯವಾದದ್ದು ಉಸೇನ್ ಬೋಲ್ಟ್‌ನ ಹೆಸರಿನ ಪಕ್ಕ ಇಟ್ಟಾಗ ಮಾತ್ರ. ಕೂಡಲೇ ಅದನ್ನು ಸಿಂಥೆಟಿಕ್ ಟ್ರ್ಯಾಕಿಗೆ ಕರೆತರುವ ಆತುರ ಎಲ್ಲರಿಗೂ ಹುಟ್ಟಿತು. ಕೋಣಗಳ ಸೆಳೆತವಿರುವ ಗದ್ದೆಯ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂಬ ವಿವೇಕವನ್ನು ತೋರಿದವರು ಸ್ವತಃ ಆ ಓಟಗಾರರೇ.

ಮಾರುಕಟ್ಟೆಯ ಬರಿಗಾಲು

ಬರಿಗಾಲನ್ನು ಹೊಗಳುವವರೆಲ್ಲ ನಮ್ಮ ಮಿತ್ರರೆಂದು ಭ್ರಮಿಸಬೇಕಿಲ್ಲ. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನಲ್ಲಿ ಮ್ಯಾರಥಾನ್ ಓಡಿ ಗೆದ್ದರು. 1964ರಲ್ಲಿ ಟೋಕಿಯೋದಲ್ಲಿ ಶೂ ತೊಟ್ಟು ಮತ್ತೆ ಗೆದ್ದರು. ಗೆದ್ದದ್ದು ಅವರ ಕಾಲು ಮತ್ತು ಅಭ್ಯಾಸ. ಆದರೆ ಮಾರುಕಟ್ಟೆ ಇಂತಹ ಸರಳ ಸತ್ಯದಿಂದ ಬದುಕಲಾರದು. ಮೊದಲು ದಪ್ಪ ಅಟ್ಟೆಯ ಶೂ ಇಲ್ಲದೆ ಓಡಬಾರದೆಂದಿತು. 2010ರ ಸುಮಾರಿಗೆ ಬರಿಗಾಲಿನಂತಹ ಶೂ ಇಲ್ಲದೆ ಓಡಬಾರದೆಂದಿತು. ಬೆರಳುಬೆರಳಿಗೂ ಗೂಡಿರುವ ಶೂಗಳನ್ನು ಮಾರಿದ ವೈಬ್ರಮ್ ಕಂಪನಿ ಅವುಗಳಿಂದ ಪಾದ ಬಲಗೊಳ್ಳುತ್ತದೆ, ಗಾಯ ಕಡಿಮೆಯಾಗುತ್ತದೆ ಎಂದು ಪ್ರಚಾರ ಮಾಡಿತು. ಆ ಪ್ರಚಾರಕ್ಕೆ ಆಧಾರವಿಲ್ಲವೆಂದು ಅಮೆರಿಕದಲ್ಲಿ ಗ್ರಾಹಕರು ಹೂಡಿದ ಮೊಕದ್ದಮೆಯಲ್ಲಿ, ತಪ್ಪೊಪ್ಪಿಕೊಳ್ಳದೆಯೇ, 2014ರಲ್ಲಿ 37.5 ಲಕ್ಷ ಡಾಲರುಗಳಿಗೆ ರಾಜಿ ಮಾಡಿಕೊಂಡಿತು. ಅದಕ್ಕೆ ಒಂದು ವರ್ಷ ಮೊದಲೇ, ಹತ್ತು ವಾರಗಳಲ್ಲಿ ಇಂತಹ ಶೂಗಳಿಗೆ ಬದಲಾದ ಓಟಗಾರರಲ್ಲಿ ಅನೇಕರ ಪಾದದ ಮೂಳೆಗಳಲ್ಲಿ ಬಾವು ಕಾಣಿಸಿಕೊಂಡುದನ್ನು ಸಂಶೋಧಕರು ವರದಿ ಮಾಡಿದ್ದರು.

ಇದರಿಂದ ವಿದ್ಯಾರ್ಥಿಗಳು ಕಲಿಯಬೇಕಾದ ಪಾಠ ಸ್ಪಷ್ಟ. ವರ್ಷಗಟ್ಟಲೆ ಶೂ ತೊಟ್ಟ ಪಾದವನ್ನು ಒಂದೇ ದಿನದಲ್ಲಿ ಬರಿಗಾಲಿನ ಓಟಕ್ಕೆ ದೂಡಬಾರದು. ಮೊದಲು ಹುಲ್ಲಿನ ಮೇಲೆ, ಮಣ್ಣಿನ ಮೇಲೆ ನಡೆಯಿರಿ. ವಾರಗಳು ಕಳೆದಂತೆ ಸ್ವಲ್ಪಸ್ವಲ್ಪ ಓಡಿ. ನೋವು ಬಂದರೆ ನಿಲ್ಲಿಸಿ. ಇದಕ್ಕೆ ಯಾವ ಕಂಪನಿಗೂ ಹಣ ತೆರಬೇಕಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರು ಮಾತ್ರ ಇದಕ್ಕೆ ಕೈಹಾಕಲೇಬಾರದು.

ಹೇರಿದ ಬರಿಗಾಲು

ಇನ್ನೊಂದು ಮಾತನ್ನು ಮರೆತರೆ ನಮ್ಮ ವಾದ ಅನ್ಯಾಯವಾಗುತ್ತದೆ. ಈ ನಾಡಿನಲ್ಲಿ ಬರಿಗಾಲು ಎಲ್ಲರ ಪಾಲಿಗೂ ಆಯ್ಕೆಯಾಗಿರಲಿಲ್ಲ. ಮೇಲ್ಜಾತಿಯವರ ಕೇರಿಯಲ್ಲಿ ದಲಿತರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಚಪ್ಪಲಿ ಹೊಲಿದವರ ಕಾಲಿಗೇ ಚಪ್ಪಲಿ ನಿಷಿದ್ಧವಾಗಿತ್ತು. ತೋಟದ ಕೂಲಿಯವರು ಬರಿಗಾಲಿನಲ್ಲಿ ದುಡಿದದ್ದು ಆರೋಗ್ಯಕ್ಕಾಗಿ ಅಲ್ಲ, ಬೇರೆ ದಾರಿಯಿಲ್ಲದೆ. ಆದ್ದರಿಂದ ಸರ್ಕಾರ ವಿದ್ಯಾವಿಕಾಸ ಯೋಜನೆಯಡಿ ಬಡ ಮಗುವಿಗೆ ಶೂ ಕೊಟ್ಟಾಗ ಆ ಮನೆಯಲ್ಲಿ ಮೂಡಿದ ಹೆಮ್ಮೆಯನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಪಾದರಕ್ಷೆ ಪ್ರತಿ ಮಗುವಿನ ಹಕ್ಕು. ಅದನ್ನು ಯಾವಾಗ ತೊಡಬೇಕು, ಯಾವಾಗ ಕಳಚಬೇಕು ಎಂಬುದನ್ನು ಮಳೆ, ನೆಲ ಮತ್ತು ಮಗುವಿನ ಅನುಕೂಲ ನಿರ್ಧರಿಸಲಿ ಎಂಬುದಷ್ಟೇ ನಮ್ಮ ಆಗ್ರಹ. ಬರಿಗಾಲನ್ನು ಹೇರುವುದು ಎಷ್ಟು ಹಿಂಸೆಯೋ ಒದ್ದೆ ಶೂ ಹೇರುವುದೂ ಅಷ್ಟೇ ಅವಿವೇಕ.

ನೆಲ ಯಾರದು?

‘ಬರಿಗಾಲಿನಲ್ಲಿ ಬಿಟ್ಟರೆ ಮಗುವಿಗೆ ಗಾಯವಾದೀತು’ ಎಂದು ಪೋಷಕರು ಹೇಳುತ್ತಾರೆ. ಅವರ ಭಯ ಸುಳ್ಳಲ್ಲ. ಆದರೆ ಗಾಯ ಮಾಡುವ ವಸ್ತು ಅಲ್ಲಿಗೆ ಹೇಗೆ ಬಂತು? ಜಲಪಾತದ ಬುಡದಲ್ಲಿ, ಗುಡ್ಡದ ನೆತ್ತಿಯಲ್ಲಿ, ದನ ಮೇಯುವ ಬ್ಯಾಣದಲ್ಲಿ ಒಡೆದು ಬಿದ್ದಿರುವ ಮದ್ಯದ ಬಾಟಲಿಗಳನ್ನು ನಮ್ಮ ಮಕ್ಕಳು ತಂದು ಹಾಕಲಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ನುಗ್ಗಿದ ಸಾವಿರಾರು ಚಾರಣಿಗರ ಜಾತ್ರೆಯನ್ನು ಕಂಡ ಮೇಲೆಯೇ ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಲು ಎಚ್ಚೆತ್ತಿತು. ಅಂಗಳಕ್ಕೆ ಸಿಮೆಂಟು, ಶಾಲೆಯ ಮುಂದೆ ಇಂಟರ್‌ಲಾಕ್ ಇಟ್ಟಿಗೆ, ತೋಟಕ್ಕೆ ಕಳೆನಾಶಕ: ಇವೆಲ್ಲವನ್ನೂ ನಾವು ಅಭಿವೃದ್ಧಿಯೆಂದು ಒಪ್ಪಿಕೊಂಡೆವು. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಮಗು ನಿಲ್ಲಲಾರದು. ವಿಷ ಸಿಂಪಡಿಸಿದ ಹುಲ್ಲಿನ ಮೇಲೆ ಓಡಬಾರದು.

ಇನ್ನು ಕಾಡಿನ, ಮಣ್ಣಿನ ಅಪಾಯಗಳನ್ನು ಮುಚ್ಚಿಡಬೇಕಾಗಿಲ್ಲ. ಬಯಲಿನಲ್ಲಿ ಶೌಚ ನಡೆಯುವ ಕಡೆ ಕೊಕ್ಕೆಹುಳುವಿನ ಮರಿಗಳು ಅಂಗಾಲಿನ ಚರ್ಮವನ್ನೇ ಕೊರೆದು ಒಳಸೇರುತ್ತವೆ. ಪಾದದಲ್ಲಿ ಗಾಯವಿದ್ದರೆ ಮಳೆಗಾಲದ ಕೆಸರಿನಿಂದ ಇಲಿಜ್ವರ ತಗಲಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಬೇಸಿಗೆಯ ಕಾಡಿನ ಉಣುಗುಗಳಿಂದ ಹರಡುತ್ತದೆ. ಸೌದೆಗೆ, ತರಗೆಲೆಗೆ ಕಾಡು ಹೊಕ್ಕುವವರು, ರಾತ್ರಿ ತೋಟಕ್ಕೆ ಹೋಗುವವರು ಕಾಲು ಮುಚ್ಚಿಕೊಂಡೇ ಹೋಗಬೇಕು. ಇವುಗಳಿಗೆ ಶೌಚಾಲಯ, ಶುದ್ಧ ಚರಂಡಿ, ಸಕಾಲದ ಚಿಕಿತ್ಸೆ, ಕೆಲಸಕ್ಕೆ ತಕ್ಕ ಬೂಟು ಬೇಕು. ಇವನ್ನು ಒದಗಿಸದೆ, ಆಟದ ಬಯಲಿನಲ್ಲಿ ಓಡುವ ಮಗುವಿನ ಕಾಲಿಗೆ ಶೂ ಕಟ್ಟಿ ಕರ್ತವ್ಯ ಮುಗಿಯಿತೆನ್ನುವುದು ಆಡಳಿತದ ಜಾಣತನ.

ಈ ಮಳೆಗಾಲದಲ್ಲೇ ಮಾಡಬಹುದಾದ ಕೆಲಸಗಳಿವೆ. ಪ್ರತಿ ಊರಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಸಭೆ ಸೇರಿ, ಮಳೆಯ ತಿಂಗಳುಗಳಲ್ಲಿ ಶೂಗೆ ಬದಲು ಬೆರಳು ತೆರೆದ, ಬೇಗ ಆರುವ ಚಪ್ಪಲಿ ಸಾಕೆಂದು ನಿರ್ಣಯಿಸಲಿ. ಆಟದ ಅವಧಿಯಲ್ಲಿ ಬರಿಗಾಲಿನ ಮಗುವನ್ನು ಶಿಕ್ಷಿಸಕೂಡದೆಂದು ಬರೆದಿಡಲಿ. ಆಟದ ಬಯಲಿಗೆ ಸಿಮೆಂಟು, ಇಟ್ಟಿಗೆ ಹಾಸುವ ಯೋಜನೆ ಬಂದರೆ ಗ್ರಾಮಸಭೆ ನಿರಾಕರಿಸಲಿ. ಬಯಲಿನ ಸುತ್ತ ಕಳೆನಾಶಕ ಸಿಂಪಡಿಸುವುದನ್ನು ನಿಲ್ಲಿಸಿ, ಕತ್ತಿಯಿಂದ ಹುಲ್ಲು ಸವರೋಣ. ವಿದ್ಯಾರ್ಥಿಗಳು ತಿಂಗಳಿಗೊಮ್ಮೆ, ಕೈಗವಸು ಮತ್ತು ಗಟ್ಟಿ ಬೂಟು ತೊಟ್ಟು, ಬಯಲಿನ ಗಾಜು, ತಂತಿ, ಮೊಳೆಗಳನ್ನು ಆರಿಸಲಿ. ಆರಿಸಿದ ಬಾಟಲಿಗಳನ್ನು ಎಣಿಸಿ, ಆ ಲೆಕ್ಕವನ್ನು ಪಂಚಾಯಿತಿಯ ಮುಂದಿಟ್ಟು, ಪ್ರವಾಸಿಗರಿಂದ ಬರುವ ಆದಾಯದಲ್ಲಿ ಈ ಕಸಕ್ಕೆ ಎಷ್ಟು ಖರ್ಚು ಮಾಡುತ್ತೀರಿ ಎಂದು ಕೇಳಲಿ. ಉತ್ತರ ದೊರೆಯುವವರೆಗೆ ಪ್ರತಿ ಗ್ರಾಮಸಭೆಯಲ್ಲೂ ಅದೇ ಪ್ರಶ್ನೆಯನ್ನು ಕೇಳುತ್ತಿರೋಣ.