ಮಗುವಿನ ಜೀವನಾಂಶಕ್ಕೆ ಶೇಕಡಾವಾರು ಸೂತ್ರ ಬೇಕೇ?

ಗಂಡ-ಹೆಂಡತಿ ಬೇರೆಯಾದ ಮೇಲೆ ಮಗುವಿನ ಖರ್ಚಿಗೆ ತಿಂಗಳಿಗೆ ಎಷ್ಟು ಕೊಡಬೇಕು? ನಮ್ಮಲ್ಲಿ ಇದಕ್ಕೆ ಸಿದ್ಧ ಲೆಕ್ಕವಿಲ್ಲ. ತಂದೆ-ತಾಯಿಯ ವರಮಾನ, ಮಗುವಿನ ಅಗತ್ಯ, ರೂಢಿಯಾದ ಜೀವನಮಟ್ಟ ಎಲ್ಲವನ್ನೂ ತೂಗಿ ನ್ಯಾಯಾಧೀಶರು ಮೊತ್ತ ಗೊತ್ತುಮಾಡುತ್ತಾರೆ.

ಪರ

ಬ್ರಿಟನ್ನಿನಲ್ಲಿ ವಾರಕ್ಕೆ 200ರಿಂದ 800 ಪೌಂಡ್ ಆದಾಯವಿರುವವರು ಸಾಮಾನ್ಯವಾಗಿ ಒಂದು ಮಗುವಿಗೆ ಆದಾಯದ ಶೇ 12, ಇಬ್ಬರಿಗೆ ಶೇ 16, ಮೂವರು ಅಥವಾ ಹೆಚ್ಚು ಮಕ್ಕಳಿಗೆ ಶೇ 19 ಕೊಡಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಂದು ಮಗುವಿಗೆ ಶೇ 17, ಇಬ್ಬರಿಗೆ ಶೇ 25. ವಕೀಲರ ಫೀಸು ಕಟ್ಟಲಾಗದ ತಾಯಿಯೂ ತನಗೆ ಬರಬೇಕಾದದ್ದನ್ನು ಕಾಗದದ ಮೇಲೆ ಹಾಕಿ ನೋಡಬಹುದು.

ಇಲ್ಲಿ ಹಾಗಲ್ಲ. ಮಧ್ಯಂತರ ಜೀವನಾಂಶದ ಅರ್ಜಿ ಸಾಧ್ಯವಾದಷ್ಟೂ 60 ದಿನದೊಳಗೆ ಇತ್ಯರ್ಥವಾಗಬೇಕೆಂದು ಕಾನೂನಿದ್ದರೂ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಶಾಲೆ ಮಾತ್ರ ಜೂನ್‌ನಲ್ಲೇ ಫೀಸು ಕೇಳುತ್ತದೆ. ಸೂತ್ರವಿದ್ದರೆ ಮೊದಲ ತಿಂಗಳಿಂದಲೇ ಹಣ ಕೈಗೆ ಬರುತ್ತದೆ, ಮಿಕ್ಕ ವ್ಯಾಜ್ಯ ನಿಧಾನವಾಗಿ ನಡೆಯಲಿ.

ವಿರೋಧ

ಶೇ 12 ಸರಿ, ಯಾವುದರ ಶೇ 12? ಸರ್ಕಾರಿ ನೌಕರನ ಸಂಬಳದ ಚೀಟಿ ಎದುರಿಗಿರುತ್ತದೆ. ಅಡಿಕೆ ತೋಟದವನ, ಗಿರವಿ ಅಂಗಡಿಯವನ, ಕ್ಯಾಬ್ ಓಡಿಸುವವನ ವರಮಾನಕ್ಕೆ ಅಂಥ ಚೀಟಿ ಎಲ್ಲಿದೆ? ತೋಟ ಅಪ್ಪನ ಹೆಸರಲ್ಲಿ, ಕಾರು ತಮ್ಮನ ಹೆಸರಲ್ಲಿ ಇದ್ದರೆ ಸೂತ್ರ ಸುಳ್ಳಿನ ಮೇಲೆಯೇ ಲೆಕ್ಕ ಹಾಕುತ್ತದೆ.

ಅಂಕಿಯನ್ನು ಕಾನೂನಿನಲ್ಲಿ ಬಿಗಿದಿಟ್ಟ ಅನುಭವವೂ ನಮಗಿದೆ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ತಿಂಗಳಿಗೆ 500 ರೂಪಾಯಿಯ ಮಿತಿ ಹಾಕಿತ್ತು. ಬೆಲೆಗಳು ಎಲ್ಲಿಗೋ ಹೋದರೂ 2001ರ ತಿದ್ದುಪಡಿಯವರೆಗೆ ಅದು ಕದಲಲಿಲ್ಲ. ಶೇಕಡಾವಾರು ಸೂತ್ರ ಆದಾಯದ ಜೊತೆ ಏರುತ್ತದೆ, ನಿಜ. ಆದರೆ ತಲಸ್ಸೇಮಿಯಾ ಇರುವ ಮಗುವಿಗೆ ತಿಂಗಳು ತಿಂಗಳು ರಕ್ತ ಕೊಡಿಸುವ ಖರ್ಚು ಅದರ ಲೆಕ್ಕಕ್ಕೆ ಬರುವುದಿಲ್ಲ.

ತಾಯಿಯೂ ದುಡಿಯುತ್ತಿದ್ದರೆ? ಬ್ರಿಟನ್ನಿನ ಲೆಕ್ಕ ಮಗುವನ್ನು ಇಟ್ಟುಕೊಂಡವರ ಆದಾಯ ನೋಡುವುದೇ ಇಲ್ಲ. 2000ರ ಒಂದು ಪ್ರಕರಣದಲ್ಲಿ ತಂದೆಯ ಸಂಬಳ ತಾಯಿಯದಕ್ಕಿಂತ ಸುಮಾರು ಇಮ್ಮಡಿ ಇತ್ತು. ನಮ್ಮ ಸುಪ್ರೀಂ ಕೋರ್ಟ್ ಮಕ್ಕಳ ಖರ್ಚನ್ನು ಅವರಿಬ್ಬರ ನಡುವೆ 2:1ರಂತೆ ಹಂಚಿತು. ಇಂಥ ನ್ಯಾಯ ಪ್ರಕರಣ ನೋಡಿಯೇ ಆಗಬೇಕು.

ಹಾಗೆಂದು ತಾಯಂದಿರನ್ನು ಕಾಯಿಸುವುದಕ್ಕೆ ಸಮರ್ಥನೆಯಿಲ್ಲ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರವನ್ನು ಇಬ್ಬರಿಗೂ ಕಡ್ಡಾಯ ಮಾಡಿತು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದಿತು. ಆ ಪ್ರಮಾಣಪತ್ರ ಮೊದಲ ವಾಯಿದೆಗಳಲ್ಲೇ ಬರುವಂತೆ, ಸುಳ್ಳು ಬರೆದವರಿಗೆ ಶಿಕ್ಷೆಯಾಗುವಂತೆ ಕೌಟುಂಬಿಕ ನ್ಯಾಯಾಲಯಗಳು ಪಟ್ಟು ಹಿಡಿಯಬೇಕು. ಸೂತ್ರ ಬಂದರೂ ಅದಕ್ಕೆ ಬೇಕಾದ ಆದಾಯದ ಅಂಕಿ ಸಿಗುವುದು ಅಲ್ಲಿಂದಲೇ.