ಫ್ರೀಜರಿನ ಬಟಾಣಿ, ಡಬ್ಬಿಯ ಬಟಾಣಿ

ಸಂಜೆ ಸಿಎಸ್‌ಎಂಟಿಯಿಂದ ಕಲ್ಯಾಣದ ಕಡೆ ಹೊರಡುವ ಲೋಕಲ್‌ನ ಮಹಿಳೆಯರ ಡಬ್ಬಾದಲ್ಲಿ, ಕೂರಲು ಜಾಗ ಸಿಕ್ಕವರ ಮಡಿಲಲ್ಲಿ ಪ್ಲಾಸ್ಟಿಕ್ ಚೀಲಗಳು ತೆರೆದುಕೊಳ್ಳುತ್ತವೆ. ಒಬ್ಬಳು ಮೆಂತ್ಯ ಬಿಡಿಸುತ್ತಾಳೆ, ಇನ್ನೊಬ್ಬಳು ಗೋರಿಕಾಯಿಯ ನಾರು ತೆಗೆಯುತ್ತಾಳೆ, ಮತ್ತೊಬ್ಬಳು ಬಟಾಣಿ ಸುಲಿಯುತ್ತಾಳೆ. ಠಾಣೆ ಬರುವಷ್ಟರಲ್ಲಿ ಕಾಳು ಒಂದು ಚೀಲದಲ್ಲಿ, ಸಿಪ್ಪೆ ಇನ್ನೊಂದರಲ್ಲಿ. ಈ ದೃಶ್ಯದ ಫೋಟೋ ತೆಗೆದು ಮುಂಬಯಿಯ ಹೆಣ್ಣುಮಕ್ಕಳ ಚುರುಕುತನವನ್ನು ಹೊಗಳಿದವರು ಬಹಳ ಮಂದಿ. ಆದರೆ ಅದನ್ನು ಹೊಗಳಿಕೆ ಬದಿಗಿಟ್ಟು ಲೆಕ್ಕದ ಕಣ್ಣಿನಿಂದ ನೋಡಿದರೆ ಕಾಣುವುದು ಇಷ್ಟೇ: ಆಫೀಸಿನ ಕೆಲಸ ಮುಗಿದು ಹತ್ತು ನಿಮಿಷವೂ ಆಗಿಲ್ಲ, ಅಡುಗೆಯ ಕೆಲಸ ಶುರುವಾಗಿದೆ.

ಡೊಂಬಿವಲಿಯಲ್ಲಿ ಇಳಿದು ಮನೆಯ ಕಡೆ ನಡೆಯುವ ದಾರಿಯಲ್ಲೇ ಕಿರಾಣಿ ಅಂಗಡಿ ಇದೆ. ಅದರ ಫ್ರೀಜರಿನಲ್ಲಿ ಸುಲಿದ ಬಟಾಣಿಯ ಪ್ಯಾಕೆಟ್, ಮೇಲಿನ ಶೆಲ್ಫಿನಲ್ಲಿ ಬಟಾಣಿಯ ಡಬ್ಬಿ. ಎರಡನ್ನೂ ಬಿಟ್ಟು ಅವಳು ಕಾಯಿಯನ್ನೇ ಕೊಂಡು ರೈಲು ಹತ್ತುವುದಕ್ಕೆ ಬೆಲೆ ಮಾತ್ರ ಕಾರಣವಲ್ಲ. 'ಫ್ರಿಜ್ಜಿನಲ್ಲಿ ಇಟ್ಟದ್ದನ್ನು ಮಕ್ಕಳಿಗೆ ಹಾಕುತ್ತೀಯೇನಮ್ಮಾ?' ಎಂದು ಊರಿನಿಂದ ಫೋನಿನಲ್ಲಿ ಕೇಳುವ ಅತ್ತೆಯ ದನಿಯೂ ಕಾರಣ. ಆ ಪ್ರಶ್ನೆಗೆ ಮರ್ಯಾದೆಯಿಂದಲೇ ಕೊಡಬಹುದಾದ ಉತ್ತರವೊಂದಿದೆ: ದಿನದ ಅಡುಗೆಗೆ ಡಬ್ಬಿಗಿಂತ ಫ್ರೀಜರ್ ವಾಸಿ, ವರ್ಷದ ಕೆಲವು ತಿಂಗಳು, ಕೆಲವು ತರಕಾರಿಗಳ ಮಟ್ಟಿಗೆ, ಅದು 'ತಾಜಾ' ಎಂದು ಮಾರುವುದಕ್ಕಿಂತಲೂ ವಾಸಿ.

ಮೊದಲು ಈ 'ತಾಜಾ' ಎಂಬ ಮಾತನ್ನೇ ನೋಡಬೇಕು. ಇದು ಪಾರಸಿಯಿಂದ ಬಂದ ಪದ. ಕನ್ನಡದ ಅಡುಗೆಮನೆಯಲ್ಲಿ ತರಕಾರಿಯನ್ನು ಅಳೆಯುವ ಹಳೆಯ ಮಾತುಗಳು ಬೇರೆ ಇವೆ: ಎಳೆಯದು, ಬಲಿತದ್ದು, ಬಾಡಿದ್ದು, ಒಣಗಿದ್ದು. ಈ ಒಂದೊಂದು ಮಾತೂ ಕಾಯಿ ಈಗ ಹೇಗಿದೆ ಎಂದು ಹೇಳುತ್ತದೆ. ಬೆಂಡೆಕಾಯಿಯ ತುದಿ ಮುರಿದು ನೋಡುವ ಕೈಗೆ ಬೇಕಾದದ್ದು ಆ ಮಾಹಿತಿ. 'ತಾಜಾ' ಹಾಗಲ್ಲ, ಅದು ಗಾಡಿಯವನ ಕೂಗಿನಲ್ಲಿ ಹುಟ್ಟಿ ಗುಣಕ್ಕಿಂತ ಹೆಚ್ಚಾಗಿ ನೀತಿಯ ಮಾತಾಗಿಬಿಟ್ಟಿದೆ. ಅದರ ಎದುರು ನಿಲ್ಲುವ 'ತಂಗಳು' ಎಂಬ ಪದದಲ್ಲಿರುವ ತಿರಸ್ಕಾರ ಫ್ರೀಜರಿನ ಪ್ಯಾಕೆಟ್ಟಿಗೂ ಅಂಟಿಕೊಂಡಿದೆ. ತಂಗಳು ಎಂದರೆ ಬೇಯಿಸಿ ಉಳಿದದ್ದು. ಫ್ರೀಜರಿನ ಬಟಾಣಿಯನ್ನು ಇನ್ನೂ ಯಾರೂ ಬೇಯಿಸಿ ಬಡಿಸಿಲ್ಲ.

ಮುಂಬಯಿಯ ತಾಜಾ ತರಕಾರಿ ಎಲ್ಲಿಂದ ಬರುತ್ತದೆ? ನಾಶಿಕ, ಪುಣೆ, ಸಾತಾರಾ, ಸಾಂಗಲಿ, ಇನ್ನೂ ದೂರದ ಜಿಲ್ಲೆಗಳಿಂದ ರಾತ್ರಿಯಿಡೀ ಲಾರಿಗಳು ವಾಶಿಯ ಎಪಿಎಂಸಿಗೆ ಬರುತ್ತವೆ. ಹಿಂದೆ ಬೈಕುಳಾದಲ್ಲಿದ್ದ ತರಕಾರಿಯ ಸಗಟು ವ್ಯಾಪಾರ 1996ರಲ್ಲಿ ಅಲ್ಲಿಗೆ ಹೋಯಿತು. ಬೆಳಗಿನ ಜಾವ ಅಲ್ಲಿ ಮಾರಾಟವಾದ ಮಾಲು ಟೆಂಪೋ ಹತ್ತಿ ಉಪನಗರ ಸೇರಿ, ದಿನವಿಡೀ ಗಾಡಿಯ ಮೇಲೆ ನೀರು ಚಿಮುಕಿಸಿಕೊಂಡು ಕೂತು, ಸಂಜೆ ಚೀಲ ಸೇರುತ್ತದೆ. ಬಟಾಣಿಯದು ಇನ್ನೂ ದೊಡ್ಡ ಪ್ರಯಾಣ. ಮಳೆಗಾಲದಲ್ಲಿ ಅದು ಹಿಮಾಚಲದ ಬೆಟ್ಟಗಳಿಂದ ಇಳಿದು ಬರಬೇಕು. ಬಟಾಣಿಯನ್ನು ಬಳ್ಳಿಯಿಂದ ಕಿತ್ತ ಕೂಡಲೇ ಅದರೊಳಗಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ, ಸಿ ಜೀವಸತ್ವ ಇಳಿಯತೊಡಗುತ್ತದೆ. ಆಗಸ್ಟಿನಲ್ಲಿ ದುಬಾರಿ ಬೆಲೆ ಕೊಟ್ಟು ತಂದ ಕಾಯಿಯೊಳಗಿನ ಕಾಳು ಗಟ್ಟಿಯಾಗಿ, ಹಿಟ್ಟುಹಿಟ್ಟಾಗಿ ಇರುವುದು ಇದರಿಂದಲೇ. ಒಂದು ಕಿಲೋ ಕಾಯಿ ಸುಲಿದರೆ ಸಿಗುವ ಕಾಳು ಅರ್ಧ ಕಿಲೋದ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಬೆಲೆ ಹೋಲಿಸುವವರು ಈ ಸಿಪ್ಪೆಯ ತೂಕವನ್ನು ಮರೆಯುತ್ತಾರೆ.

ಇನ್ನು ಫ್ರೀಜರಿನ ಬಟಾಣಿ. ಅದನ್ನು ಹಂಗಾಮಿನಲ್ಲಿ ಕಿತ್ತು, ಸುಲಿದು, ಒಂದೆರಡು ನಿಮಿಷ ಬಿಸಿನೀರಿನಲ್ಲಿ ಅಥವಾ ಹಬೆಯಲ್ಲಿ ಹಾಯಿಸುತ್ತಾರೆ. ಕಾಳಿನ ರುಚಿ, ಬಣ್ಣ ಕೆಡಿಸುವ ಕಿಣ್ವಗಳು ಅಷ್ಟರಲ್ಲಿ ಸುಮ್ಮನಾಗುತ್ತವೆ. ಆಮೇಲೆ ತಣ್ಣಗಿನ ಗಾಳಿಯ ರಭಸದಲ್ಲಿ ಒಂದೊಂದು ಕಾಳೂ ಬಿಡಿಬಿಡಿಯಾಗಿ ಹೆಪ್ಪುಗಟ್ಟುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಇಟ್ಟಷ್ಟು ದಿನ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ, ಆದ್ದರಿಂದ ಉಪ್ಪಾಗಲಿ ಸಂರಕ್ಷಕವಾಗಲಿ ಬೇಕಿಲ್ಲ. ಬಿಸಿನೀರಿನಲ್ಲಿ ಸ್ವಲ್ಪ ಸಿ ಜೀವಸತ್ವ ಹೋಗುತ್ತದೆ ನಿಜ. ಆದರೆ ಅಲ್ಲಿಂದ ಮುಂದೆ ಇಳಿಕೆ ಬಹಳ ನಿಧಾನ.

ಡಬ್ಬಿಯ ದಾರಿಯೇ ಬೇರೆ. ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಅದರ ತಳಹದಿ: ಗಾಳಿಯಾಡದಂತೆ ಮುಚ್ಚಿ, ಚೆನ್ನಾಗಿ ಕಾಯಿಸು. ಆಮ್ಲ ಕಡಿಮೆ ಇರುವ ಬಟಾಣಿ, ಜೋಳ, ಬೀನ್ಸ್‌ಗಳನ್ನು ಒತ್ತಡದಲ್ಲಿ 121 ಡಿಗ್ರಿಯ ಸುಮಾರಿಗೆ ಕಾಯಿಸಲೇಬೇಕು. ಇಲ್ಲವಾದರೆ ಬೊಟುಲಿಸಂ ತರುವ ಬ್ಯಾಕ್ಟೀರಿಯಾ ಒಳಗೆ ಉಳಿದುಬಿಡುವ ಅಪಾಯ. ಆ ಶಾಖಕ್ಕೆ ಹಸಿರು ಮಾಸಿ ಕಂದುಹಸಿರಾಗುತ್ತದೆ, ಕಾಳು ಮೆತ್ತಗಾಗುತ್ತದೆ, ಸಿ ಜೀವಸತ್ವದ ದೊಡ್ಡ ಪಾಲು ಹೋಗುತ್ತದೆ, ನೀರಿನಲ್ಲಿ ಉಪ್ಪು ಸೇರಿರುತ್ತದೆ. ಮಾಸಿದ ಹಸಿರಿಗಾಗಿಯೇ ಡಬ್ಬಿಯ ಬಟಾಣಿಗೆ ಕೃತಕ ಬಣ್ಣ ಸೇರಿಸಲು ಭಾರತದ ಆಹಾರ ನಿಯಮಗಳಲ್ಲಿ ಬಹುಕಾಲದಿಂದ ಅವಕಾಶ ಇದ್ದುಬಂದಿದೆ. ಮೇಲೆ 'ಪ್ರೊಸೆಸ್ಡ್ ಪೀಸ್' ಎಂದಿದ್ದರೆ ಸಾಮಾನ್ಯವಾಗಿ ಅದು ಒಣ ಬಟಾಣಿಯನ್ನು ನೆನೆಸಿ ತುಂಬಿದ್ದು. ಒಣ ಬಟಾಣಿ ಕೆಟ್ಟದ್ದಲ್ಲ, ಆದರೆ ಅದನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ಕುಕ್ಕರಿಗೆ ಇಟ್ಟರೆ ಡಬ್ಬಿಗಿಂತ ಎಷ್ಟೋ ಅಗ್ಗ.

ಇದರಿಂದ ಡಬ್ಬಿಯನ್ನು ಸಾರಾಸಗಟಾಗಿ ತಳ್ಳಿಹಾಕಬೇಕಿಲ್ಲ. ನಾರು, ಖನಿಜಗಳು ಅದರಲ್ಲೂ ಬಹುಪಾಲು ಉಳಿಯುತ್ತವೆ. ಉಪ್ಪುನೀರು ಚೆಲ್ಲಿ ಕಾಳನ್ನು ತೊಳೆದರೆ ಉಪ್ಪು ಸಾಕಷ್ಟು ಇಳಿಯುತ್ತದೆ. ಟೊಮೆಟೊ ಹುಳಿಯಾದ್ದರಿಂದ ಅಷ್ಟು ಉಗ್ರ ಶಾಖ ಅದಕ್ಕೆ ಬೇಡ. ಹೇಗೂ ಬೇಯಿಸಿಯೇ ತಿನ್ನುವ ಪದಾರ್ಥವದು. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಪ್ಯೂರಿಯ ಡಬ್ಬಿ, ಪೊಟ್ಟಣಗಳು ಸಾರಿಗೂ ಗೊಜ್ಜಿಗೂ ಚೆನ್ನಾಗಿಯೇ ಒದಗುತ್ತಿದ್ದವು.

ಡಬ್ಬಿಗೆ ಇನ್ನೊಂದು ಬಲವಿದೆ: ಅದಕ್ಕೆ ಕರೆಂಟ್ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಎಷ್ಟೋ ಉಪನಗರಗಳಲ್ಲಿ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. 2020ರ ಅಕ್ಟೋಬರ್ 12ರಂದು ಮಳೆಯಿಲ್ಲದೆಯೂ ಇಡೀ ಮುಂಬಯಿಯ ವಿದ್ಯುತ್ ಹೋಗಿ ಲೋಕಲ್‌ಗಳು ನಿಂತವು. ಇಂಥ ದಿನ ಒಂಟಿ ಬಾಗಿಲಿನ ಫ್ರಿಜ್ಜಿನ ಪುಟ್ಟ ಫ್ರೀಜರ್ ಕೆಲವು ಗಂಟೆ ತಡೆದೀತು, ಅಷ್ಟೇ. ಬದಲಾಪುರದಲ್ಲೋ ವಿರಾರದಲ್ಲೋ ಮಳೆಗಾಲದಲ್ಲಿ ಪದೇ ಪದೇ ಕರೆಂಟ್ ಹೋಗುವ ಬೀದಿಯಲ್ಲಿ ಇರುವವರು ಒಂದೆರಡು ಡಬ್ಬಿ ಇಟ್ಟುಕೊಳ್ಳುವುದು ಜಾಣತನ. ಆದರೆ ಅದು ಆಪತ್ತಿಗೆ ಎತ್ತಿಟ್ಟದ್ದು, ದಿನದ ಅಡುಗೆಗಲ್ಲ.

ಹಂಗಾಮಿನಲ್ಲಿ ಹಿಡಿದಿಟ್ಟು ಹಂಗಾಮು ಮುಗಿದ ಮೇಲೆ ಉಣ್ಣುವುದು ಕನ್ನಡದ ಮನೆಗಳಿಗೆ ಹೊಸತೇನಲ್ಲ. ಕರಾವಳಿಯವರು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿ ಕಟ್ಟಿ ಮಳೆಗಾಲಕ್ಕೆ ಇಟ್ಟರು, ಬಣ್ಣದ ಸೌತೆಯನ್ನು ಮಾಡಿನ ಕೆಳಗೆ ತೂಗುಹಾಕಿದರು. ಉತ್ತರ ಕರ್ನಾಟಕದವರು ಚವಳಿಕಾಯಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಬಾಳಕ ಮಾಡಿದರು. ಉಪ್ಪಿನ ಸೊಳೆಯ ಭರಣಿ ಮುಂಬಯಿಯ ಮಂಗಳೂರು ಸ್ಟೋರಿನಲ್ಲಿ ಕಂಡರೆ ಕಣ್ಣು ಅರಳಿಸುವವರೇ ಫ್ರೀಜರಿನ ಬಟಾಣಿಗೆ ಮುಖ ಸಿಂಡರಿಸುತ್ತಾರೆ. ಭರಣಿಯೊಳಗೆ ಅಜ್ಜಿಯ ಕೈ ಕಾಣುತ್ತದೆ, ಪ್ಯಾಕೆಟ್ಟಿನಲ್ಲಿ ಕಾರ್ಖಾನೆ ಕಾಣುತ್ತದೆ. ಆ ಭಾವನೆ ಸುಳ್ಳಲ್ಲ. ಆದರೆ ಉಪ್ಪಿನ ಲೆಕ್ಕ ಹಿಡಿದರೆ ಭರಣಿಗಿಂತ ಫ್ರೀಜರೇ ಮೇಲು.

ಫ್ರೀಜರಿಗೂ ಮಿತಿಯಿದೆ. ಬಟಾಣಿ, ಸ್ವೀಟ್ ಕಾರ್ನ್, ಮುಂಬಯಿಯ ಗುಜರಾತಿಗಳು 'ಲಿಲ್ವಾ' ಎಂದು ಕೊಳ್ಳುವ ಹಸಿ ತೊಗರಿ ಮತ್ತು ಅವರೆಯ ಕಾಳು: ಇಂಥವಕ್ಕೆ ಅದು ಒಪ್ಪುತ್ತದೆ. ಜನವರಿ ದಾಟಿದ ಮೇಲೆ ಅವರೆಕಾಳಿನ ಸಾರು ನೆನೆಸುವ ಬೆಂಗಳೂರು, ಮೈಸೂರಿನ ಕಡೆಯವರಿಗೆ ಆ ಲಿಲ್ವಾ ಪ್ಯಾಕೆಟ್ ಒಂದು ಸಮಾಧಾನ. ಹೀರೆ, ಸೋರೆ, ಬದನೆ, ಸೊಪ್ಪುಗಳ ವಿಷಯದಲ್ಲಿ ಗಾಡಿಯೇ ಗತಿ. ಪ್ಯಾಕೆಟ್ ಕೊಳ್ಳುವಾಗ ಕೈಯಲ್ಲಿ ಅಲುಗಿಸಿ ನೋಡಬೇಕು: ಕಾಳು ಬಿಡಿಬಿಡಿಯಾಗಿ ಸದ್ದು ಮಾಡಿದರೆ ಸರಿ, ಒಂದೇ ಗಡ್ಡೆಯಾಗಿದ್ದರೆ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ, ವಾಪಸ್ ಇಡಬೇಕು. ಅಂಗಡಿಯಲ್ಲಿ ಕೊನೆಗೆ ಕೊಳ್ಳಬೇಕು, ಮನೆಯಲ್ಲಿ ಕರಗಿಸದೆ ನೇರ ಬಾಣಲೆಗೆ ಹಾಕಬೇಕು.

ಹಾಗಾದರೆ ಸ್ಟೇಷನ್ನಿನ ಹೊರಗೆ ಕೂತು ಸುಲಿದ ಬಟಾಣಿ, ಹೆಚ್ಚಿದ ಎಲೆಕೋಸು, ಬಿಡಿಸಿದ ಸೊಪ್ಪು ಮಾರುವ ಹೆಂಗಸಿನ ಗತಿ? ಇದು ಗಟ್ಟಿ ಆಕ್ಷೇಪ. ಅವಳು ಮಾರುವುದು ತರಕಾರಿಯ ಜೊತೆಗೆ ತನ್ನ ಶ್ರಮವನ್ನೂ. ಅವಳಿಗೆ ಹೋಗುವ ಹತ್ತು ರೂಪಾಯಿ ಯಾವ ಕಂಪನಿಗೂ ಹೋಗುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬಟಾಣಿ ಸಿಹಿಯಾಗಿ, ಅಗ್ಗವಾಗಿ ಸಿಗುವಾಗ ಫ್ರೀಜರಿನ ಮುಂದೆ ನಿಲ್ಲುವುದರಲ್ಲಿ ಅರ್ಥವಿಲ್ಲ, ಅವಳ ಬಳಿಯೇ ಕೊಳ್ಳಬೇಕು. ಸುಲಿದ ಕಾಳಿನ ಹಸಿರು ಅತಿಯೆನಿಸಿದರೆ ಎಫ್‌ಎಸ್‌ಎಸ್‌ಎಐ ಹೇಳಿಕೊಟ್ಟ ಪರೀಕ್ಷೆ ಸುಲಭ: ಗಾಜಿನ ಲೋಟದ ನೀರಿನಲ್ಲಿ ಅರ್ಧ ಗಂಟೆ ಹಾಕಿಟ್ಟರೆ ಬಣ್ಣ ಬಿಡುತ್ತದೋ ಇಲ್ಲವೋ ಗೊತ್ತಾಗುತ್ತದೆ. ಆಗಸ್ಟಿನಲ್ಲಿ ಅವಳಿಂದ ಸೊಪ್ಪು ಕೊಂಡು, ಬಟಾಣಿಯನ್ನು ಮಾತ್ರ ಫ್ರೀಜರಿನಿಂದ ತಂದರೆ ಯಾರಿಗೂ ಮೋಸವಿಲ್ಲ.

ಕೊನೆಗೆ ಉಳಿಯುವುದು ಸಮಯದ ಮಾತು. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ತಾಜಾ ಬೇಕು ಎನ್ನುವ ಮನೆಗಳಲ್ಲಿ ಆ ಬೇಡಿಕೆಯ ಬೆಲೆ ಸಂದಾಯವಾಗುವುದು ಹೆಂಗಸರ ಈ ನಿಮಿಷಗಳಿಂದಲೇ. ಸುಲಿಯದವರೇ ಹೆಚ್ಚಾಗಿ ತಾಜಾತನದ ತೀರ್ಪುಗಾರರಾಗಿರುತ್ತಾರೆ.

ಹಟವೇ ಇದ್ದರೆ ಅದಕ್ಕೂ ದಾರಿಯಿದೆ. ಜನವರಿಯ ಒಂದು ಭಾನುವಾರ ಐದು ಕಿಲೋ ಕಾಯಿ ತನ್ನಿ. ಮನೆಯ ಗಂಡಸರು, ಮಕ್ಕಳು, ಊರಿನಿಂದ ಬಂದಿದ್ದರೆ ಅತ್ತೆ ಮಾವ, ಎಲ್ಲರೂ ಪೇಪರ್ ಹಾಸಿಕೊಂಡು ಸುಲಿಯಲಿ. ಕಾಳನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಯಿಸಿ, ಐಸ್ ನೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿ, ಚಿಕ್ಕ ಚಿಕ್ಕ ಚೀಲಗಳಲ್ಲಿ ಫ್ರೀಜರಿಗೆ ಇಡಿ. ಮಳೆಗಾಲದ ಸಂಜೆ ಅದೇ ಬಟಾಣಿ ಪಲಾವಿಗೆ ಬೀಳುವಾಗ ಫ್ರಿಜ್ಜಿನಲ್ಲಿ ಇಟ್ಟದ್ದೇ ಎಂದು ಯಾರೂ ಕೇಳುವುದಿಲ್ಲ, ಸುಲಿದದ್ದು ಯಾರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಅಂಥ ಭಾನುವಾರ ಒದಗದ ಮನೆಗಳಲ್ಲಿ ಅಂಗಡಿಯ ಪ್ಯಾಕೆಟ್ ತರುವವಳನ್ನು ಪ್ರಶ್ನಿಸದೆ ಬಿಡುವುದು ನ್ಯಾಯ. ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕ ಆ ಮುಕ್ಕಾಲು ಗಂಟೆ ಅವಳು ಕಣ್ಣು ಮುಚ್ಚಿ ಒರಗಲಿ.