ನೆರವು ದುಡಿಮೆಗೆ ಅಡ್ಡಿಯಾಗಬಾರದು

ದುಡಿಯಬಲ್ಲವರು ದುಡಿದು ಉಣ್ಣಬೇಕು. ದುಡಿಯಲಾಗದ ಹೊತ್ತಿನಲ್ಲಿ ಸಮಾಜವು ಅವರ ಕೈಬಿಡಬಾರದು. ಕಾಯಕ ಮತ್ತು ದಾಸೋಹವೆಂಬ ಮಾತುಗಳನ್ನು ಬಲ್ಲ ನಮ್ಮ ಮನೆಗಳಿಗೆ ಇದು ಹೊಸ ವಿಚಾರವೇನೂ ಅಲ್ಲ. ಆದರೆ ಈ ಎರಡನ್ನೂ ಒಂದು ಸರಕಾರಿ ನಿಯಮದಲ್ಲಿ ಹೊಂದಿಸುವುದು ಎಷ್ಟು ಕಠಿಣವೆಂಬುದಕ್ಕೆ ಬ್ರಿಟನ್ ದೇಶದ ಅನುಭವವೇ ಸಾಕ್ಷಿಯಾಗಿದೆ.

1942ರಲ್ಲಿ ವಿಲಿಯಂ ಬೆವರಿಜ್ ಅವರು ಸಲ್ಲಿಸಿದ ವರದಿಯ ತಳಹದಿಯ ಮೇಲೆ, ಎರಡನೆಯ ಮಹಾಯುದ್ಧದ ತರುವಾಯ, ಆ ದೇಶದ ಸಾಮಾಜಿಕ ಭದ್ರತೆಯ ವ್ಯವಸ್ಥೆ ರೂಪುಗೊಂಡಿತು. ಕಾಲಕ್ರಮದಲ್ಲಿ ನಿರುದ್ಯೋಗಕ್ಕೊಂದು, ಕಾಯಿಲೆಗೊಂದು, ಮನೆಬಾಡಿಗೆಗೊಂದು, ಮಕ್ಕಳ ಪೋಷಣೆಗೊಂದು ಎಂದು ಹಲವು ನೆರವುಗಳು ಬೆಳೆದವು. ಒಂದೊಂದಕ್ಕೂ ಅದರದೇ ನಿಯಮ. ಕೆಲಸ ಸಿಕ್ಕಿ ಸಂಬಳ ಬರತೊಡಗಿದರೆ ಈ ನೆರವುಗಳು ಏಕಕಾಲಕ್ಕೆ ಕಡಿತಗೊಳ್ಳುತ್ತಿದ್ದವು. ತೆರಿಗೆಯನ್ನೂ ಸೇರಿಸಿ ನೋಡಿದರೆ, ಕೆಲವು ಕುಟುಂಬಗಳಿಗೆ ಹೆಚ್ಚುವರಿಯಾಗಿ ದುಡಿದ 100 ಪೌಂಡಿನಲ್ಲಿ 10 ಪೌಂಡು ಸಹ ಉಳಿಯುತ್ತಿರಲಿಲ್ಲ. ಬಸ್ಸಿನ ದರವನ್ನೂ ಕೂಸನ್ನು ನೋಡಿಕೊಳ್ಳುವವರ ಶುಲ್ಕವನ್ನೂ ಕಳೆದರೆ ಕೈಯಿಂದಲೇ ನಷ್ಟ. ಇಂಥವರನ್ನು ಸೋಮಾರಿಗಳೆಂದು ಹಳಿಯುವುದು ಸುಲಭ. ಆದರೆ ಲೆಕ್ಕ ಬಲ್ಲ ಗೃಹಿಣಿ ಬೇರೇನು ಮಾಡಿಯಾಳು? ದೋಷವಿದ್ದುದು ಮನುಷ್ಯರಲ್ಲಲ್ಲ, ನಿಯಮದಲ್ಲಿ.

ಈ ದೋಷವನ್ನು ನಿವಾರಿಸಲೆಂದು 2012ರಲ್ಲಿ ಕಾನೂನು ಮಾಡಿ, 2013ರಿಂದ ಆರು ನೆರವುಗಳನ್ನು ಕ್ರಮೇಣ ಒಂದುಗೂಡಿಸಿ 'ಯೂನಿವರ್ಸಲ್ ಕ್ರೆಡಿಟ್' ಎಂಬ ಯೋಜನೆಯನ್ನು ಜಾರಿಗೆ ತಂದರು. ಇದರಲ್ಲಿ ಕಡಿತಕ್ಕೆ ಒಂದೇ ದರ. ತೆರಿಗೆ ಕಳೆದು ಕೈಗೆ ಬಂದ ಪ್ರತಿ 100 ಪೌಂಡು ಸಂಬಳಕ್ಕೆ ಮೊದಲು 65 ಪೌಂಡಿನಷ್ಟು ನೆರವು ಕಡಿಮೆಯಾಗುತ್ತಿತ್ತು. 2017ರಲ್ಲಿ ಅದು 63 ಆಯಿತು, 2021ರ ಕೊನೆಗೆ 55ಕ್ಕೆ ಇಳಿಯಿತು. ಮಕ್ಕಳಿರುವ ಕುಟುಂಬಗಳಿಗೆ ಹಾಗೂ ಅನಾರೋಗ್ಯದಿಂದ ದುಡಿಮೆ ಕುಂಠಿತವಾದವರಿಗೆ ಸಂಬಳದ ಮೊದಲ ಭಾಗಕ್ಕೆ ಕಡಿತದಿಂದ ವಿನಾಯಿತಿಯೂ ಉಂಟು. ಹೀಗಾಗಿ ದುಡಿದವರ ಕೈಯಲ್ಲಿ ದುಡಿಮೆಯ ಫಲ ಒಂದಿಷ್ಟಾದರೂ ಉಳಿಯುವಂತಾಯಿತು.

ಆದರೆ ದರವೊಂದನ್ನು ಸರಿಪಡಿಸಿದರೆ ಸಾಲದು. ಯೋಜನೆಗೆ ಹೊಸದಾಗಿ ಸೇರಿದವರಿಗೆ ಮೊದಲ ಕಂತು ಬರಲು ಸುಮಾರು ಐದು ವಾರ ಬೇಕು. ಅಷ್ಟರೊಳಗೆ ಮುಂಗಡ ಪಡೆದರೆ ಅದು ಸಾಲವಾಗಿ ಮುಂದಿನ ಕಂತುಗಳಲ್ಲಿ ಮುರಿದುಹೋಗುತ್ತದೆ. ಶಿಶುಪಾಲನೆಯ ವೆಚ್ಚದಲ್ಲಿ ಶೇಕಡಾ 85ರವರೆಗೆ ಮರಳಿ ಸಿಗುತ್ತದಾದರೂ, ಮೊದಲು ತಾಯಿಯೇ ಹಣ ಕಟ್ಟಬೇಕಾಗಿತ್ತು. ಕೆಲಸಕ್ಕೆ ಸೇರುವ ಮುನ್ನ ಆ ಹಣ ಎಲ್ಲಿಂದ ಬರಬೇಕು? ಈ ತೊಡಕನ್ನು ಮನಗಂಡು, ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಮುಂಚಿತವಾಗಿಯೇ ಹಣ ಕೊಡುವ ಏರ್ಪಾಡನ್ನು 2023ರಲ್ಲಿ ಮಾಡಲಾಯಿತು.

ಇಲ್ಲಿ ಯಾವ ಮಾರ್ಗವೂ ಪೂರ್ಣ ನಿರ್ದುಷ್ಟವಲ್ಲ. ಕಡಿತ ತಗ್ಗಿಸಿದರೆ ಬೊಕ್ಕಸಕ್ಕೆ ಭಾರ. ಹೆಚ್ಚಿಸಿದರೆ ದುಡಿಯುವ ಉತ್ಸಾಹಕ್ಕೆ ಭಂಗ. ಮೂಲ ನೆರವನ್ನೇ ಇಳಿಸಿದರೆ ರೋಗಿಗಳೂ ಮಕ್ಕಳೂ ಹಸಿಯಬೇಕಾಗುತ್ತದೆ. ಈ ಮೂರರ ನಡುವೆ ಸಮತೋಲನ ಸಾಧಿಸುವುದೇ ಆಡಳಿತಗಾರರ ಹೊಣೆ.

ನಮ್ಮ ನಾಡಿಗೂ ಈ ಪಾಠ ಹೊರತಲ್ಲ. ನಮ್ಮಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಗೆ ವಾರ್ಷಿಕ ಆದಾಯದ ಮಿತಿಯಿದೆ. ಮಿತಿಯನ್ನು ತುಸು ದಾಟಿದವರೂ ಬಹಳ ದಾಟಿದವರೂ ಅದರ ಮುಂದೆ ಒಂದೇ. ಮಗನಿಗೆ ಸಣ್ಣ ನೌಕರಿ ಸಿಕ್ಕಿತೆಂದು ಹಿಗ್ಗಬೇಕಾದ ಮನೆಯಲ್ಲಿ ಚೀಟಿ ಹೋದೀತೆಂಬ ಚಿಂತೆ ಮೂಡಿದರೆ ಅದು ವಿಷಾದದ ಸಂಗತಿ.

ಓದುಗ ಬಂಧುಗಳೇ, ನಿಯಮ ಮಾಡುವವರು ಸರಕಾರದಲ್ಲಿ ಮಾತ್ರ ಇರುವುದಿಲ್ಲ. ಗಂಡನನ್ನು ಕಳೆದುಕೊಂಡ ಬಂಧುವೊಬ್ಬಳಿಗೆ, ಕೆಲಸ ಹೋದ ನೆರೆಯವನಿಗೆ ತಿಂಗಳು ತಿಂಗಳು ನೆರವಾಗುವ ಮನೆಗಳೂ ಸಂಘಗಳೂ ನಮ್ಮ ನಡುವೆ ಅನೇಕ ಇವೆ. ಅವರಿಗೆ ಮೊದಲ ಸಂಬಳ ಬಂದ ದಿನವೇ 'ಇನ್ನು ನಮ್ಮ ಹಣ ಬೇಡವಲ್ಲ' ಎನ್ನದಿರೋಣ. ಎಷ್ಟು ತಿಂಗಳು ಕೊಡುತ್ತೇವೆ, ಹೇಗೆ ಕಡಿಮೆ ಮಾಡುತ್ತೇವೆ ಎಂಬುದನ್ನು ಮುಂಚಿತವಾಗಿಯೇ ತಿಳಿಸೋಣ. ಹಸುಳೆಗೆ ನಡೆಯಲು ಕಲಿಸುವ ತಾಯಿ ಮೊದಲ ಹೆಜ್ಜೆಗೇ ಬೆರಳು ಬಿಡಿಸಿಕೊಳ್ಳುವುದಿಲ್ಲ. ಕಾಲು ಗಟ್ಟಿಯಾದಂತೆ ಹಿಡಿತವನ್ನು ಸಡಿಲಿಸುತ್ತಾಳೆ. ನೆರವು ನೀಡುವವರಿಗೂ ಇದೇ ದಾರಿ.